ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್: ಬೇಲಿಗೆ ಕೈ ಹಾಕುವ ಮುಂಚೆ

ವಾಯವ್ಯ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್‌ನಲ್ಲಿ ಮನೆ ಹುಡುಕುತ್ತಿದ್ದೀರಾ? ಮನೆಗಿಂತ ಮೊದಲು ಅಲ್ಲಿನ ಬೇಲಿ ನೋಡಿ. ನಮ್ಮೂರಲ್ಲಿ ಸೈಟು ತಗೊಂಡ ಕೂಡಲೇ ಕಾಂಪೌಂಡ್ ಎಬ್ಬಿಸುತ್ತೇವೆ, ಅಲ್ವಾ? ಇಲ್ಲಿ ಮನೆ ಮನೆಯ ನಡುವೆ ಇರುವುದು ಒತ್ತಾಗಿ ಬೆಳೆದ ಹಸಿರು ಗಿಡದ ಬೇಲಿ. ಅದು ಸುಮ್ನೆ ಚೆಂದಕ್ಕೆ ಬಂದದ್ದಲ್ಲ.

ಈ ಊರಿನ ಕನಸು ಕಂಡು ಕಟ್ಟಿಸಿದ ಹೆನ್ರಿಯೆಟಾ ಬಾರ್ನೆಟ್ ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನ ಬಡ ಕೇರಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಬಡವರು, ಉಳ್ಳವರು ಒಂದೇ ಕಡೆ ಬಾಳಬೇಕು, ಎಲ್ಲರಿಗೂ ಹಿತ್ತಿಲು ಇರಬೇಕು ಅನ್ನುವುದು ಅವರ ಆಸೆ. ಹತ್ತಿರದ ಗೋಲ್ಡರ್ಸ್ ಗ್ರೀನ್‌ಗೆ ಟ್ಯೂಬ್ ರೈಲು ಬರುತ್ತದೆ ಎಂದಾಗ, ಹೊಲಗಳೆಲ್ಲ ಒತ್ತೊತ್ತಾದ ಮನೆಗಳಾಗಿಬಿಡುತ್ತವೆ ಎಂದು ಅವರಿಗೆ ಚಿಂತೆಯಾಯಿತು. ಈಟನ್ ಕಾಲೇಜಿನ 80 ಎಕರೆ ಬಯಲು ಉಳಿಸಲು ಹೋರಾಡಿದರು. ಹೀತ್ ಎಕ್ಸ್‌ಟೆನ್ಷನ್ ಎಂಬ ಈಗಿನ ಸಾರ್ವಜನಿಕ ಬಯಲು ಅದೇ. ಪಕ್ಕದ 243 ಎಕರೆಯನ್ನು ಊರು ಕಟ್ಟಲೆಂದೇ ಹುಟ್ಟಿದ ಸಂಸ್ಥೆಯಾದ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್ ಟ್ರಸ್ಟ್ ಕೊಂಡಿತು. 1907ರಲ್ಲಿ ಕಟ್ಟುವ ಕೆಲಸ ಶುರುವಾಯಿತು.

ನಕ್ಷೆ ರೇಮಂಡ್ ಅನ್ವಿನ್ ಅವರದು. ಎಕರೆಗೆ ಸರಾಸರಿ ಎಂಟೇ ಮನೆ, ಗೋಡೆಯ ಬದಲು ಬೇಲಿ, ಬೀದಿಗೆ ಸಾಲುಮರ. ಮನೆಗಳ ಸಂದಿಯಲ್ಲಿ ಸಾಗುವ ಕಾಲುದಾರಿಗೆ ಇಲ್ಲಿನವರು ಟ್ವಿಟನ್ ಅನ್ನುತ್ತಾರೆ. ಎರಡೂ ಕಡೆ ಬೇಲಿ, ಇಬ್ಬರು ಎದುರಾದರೆ ಒಬ್ಬರು ಸರಿದು ನಿಲ್ಲಬೇಕು. ಸೆಂಟ್ರಲ್ ಸ್ಕ್ವೇರ್‌ನ ಎರಡು ಚರ್ಚುಗಳು ಎಡ್ವಿನ್ ಲಟ್ಯೆನ್ಸ್ ಅವರ ವಿನ್ಯಾಸ. ದೆಹಲಿಯ ರಾಷ್ಟ್ರಪತಿ ಭವನವೂ ಅವರದೇ.

ಮನೆಯ ಬೆಲೆ ಈಗ ಕೂಲಿಯವರ ಕೈಗೆ ಎಟುಕುವುದಿಲ್ಲ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ಆದರೆ ಊರಿನ ರೂಪ ಉಳಿದಿದೆ. 1967ರ ಕಾಯ್ದೆಯಿಂದ ಗುತ್ತಿಗೆ ಮನೆಯವರಿಗೆ ಜಾಗವನ್ನೂ ಕೊಳ್ಳುವ ಹಕ್ಕು ಬಂತು. ಟ್ರಸ್ಟ್‌ನ ಹಿಡಿತ ತಪ್ಪಿದರೆ ಒಬ್ಬೊಬ್ಬರು ಒಂದೊಂದು ತರಹ ಕಟ್ಟುತ್ತಿದ್ದರು. ಅದಕ್ಕೇ 1974ರಲ್ಲಿ, ಜಾಗ ಕೊಂಡವರೂ ಟ್ರಸ್ಟ್‌ನ ಒಪ್ಪಿಗೆ ಪಡೆಯಬೇಕು ಅನ್ನುವ ನಿರ್ವಹಣಾ ಯೋಜನೆ ಬಂತು. ಅಷ್ಟರಲ್ಲಿ, 1968ರಲ್ಲೇ, ಇಲ್ಲಿನ ಸ್ಥಳೀಯ ಆಡಳಿತವಾದ ಬಾರ್ನೆಟ್ ಕೌನ್ಸಿಲ್ ಇದನ್ನು ಸಂರಕ್ಷಿತ ಪ್ರದೇಶ ಮಾಡಿತ್ತು.

ಹಾಗಾಗಿ ಮನೆ ನಿಮ್ಮದೇ ಆದರೂ ಕಿಟಕಿ ಬದಲಿಸಲು, ಮುಂದಿನ ತೋಟಕ್ಕೆ ಕಲ್ಲು ಹಾಸಲು ಟ್ರಸ್ಟನ್ನು ಕೇಳಬೇಕು. ಕೌನ್ಸಿಲ್ ಒಪ್ಪಿಗೆ ಬೇಕಿದ್ದರೆ ಅದು ಬೇರೆ. ಒಬ್ಬರು ಒಪ್ಪಿದರೆ ಇನ್ನೊಬ್ಬರೂ ಒಪ್ಪಿದಂತಲ್ಲ. ಮರ ಕಡಿಯುವ ಮುಂಚೆ ಕೌನ್ಸಿಲ್‌ಗೆ ಆರು ವಾರ ಮೊದಲೇ ತಿಳಿಸಬೇಕು. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡ 7.5 ಸೆಂಟಿಮೀಟರಿಗಿಂತ ದಪ್ಪ ಇದ್ದರೆ ಸಾಕು, ಈ ನಿಯಮ ಅನ್ವಯಿಸುತ್ತದೆ.

ನನ್ನ ಗೆಳೆಯರೊಬ್ಬರು ಯಾರನ್ನೂ ಕೇಳದೆ ಕಾರು ನಿಲ್ಲಿಸಲು ಬೇಲಿ ಕಿತ್ತರು. ಮತ್ತೆ ನೆಡಬೇಕಾಯಿತು. ಮೊಣಕಾಲುದ್ದದ ಸಸಿಗಳು ಪಕ್ಕದ ಬೇಲಿಯ ಎತ್ತರಕ್ಕೆ ಬರಲು ವರ್ಷಗಳೇ ಹಿಡಿದವು. ಕೊಳ್ಳುವವರು ಹಳೆಯ ಮಾಲೀಕರಿಂದ ಒಪ್ಪಿಗೆ ಪತ್ರಗಳನ್ನೆಲ್ಲ ಮರೆಯದೆ ಕೇಳಿ ಪಡೆಯಿರಿ.