ಸ್ಪ್ರಿಂಗ್ ರೈಫಲ್, ಪಿಸಿಪಿ ರೈಫಲ್: ಎರಡನ್ನೂ ಒಂದೇ ಹಾಳೆಯ ಮೇಲೆ ಹೋಲಿಸಿದ ನನ್ನ ಅನುಭವ

ಸೇನೆಯ 7.62 ಮಿ.ಮೀ. ರೈಫಲ್ ನಾಗರಿಕರ ಕೈಗೆ ಸಿಗುವಂಥದ್ದಲ್ಲವಾದ್ದರಿಂದ, ಅದರ ಮೈಕಟ್ಟನ್ನು ಅನುಕರಿಸಿದ ಎರಡು ಏರ್ ರೈಫಲ್‌ಗಳನ್ನು ಇಟ್ಟುಕೊಂಡಿದ್ದೇನೆ. ಗಾಳಿಯ ಒತ್ತಡದಿಂದ ಪೆಲೆಟ್ ಎಂಬ ಸಣ್ಣ ಗುಂಡನ್ನು ಹಾರಿಸುವ ಬಂದೂಕುಗಳಿವು: ಒಂದರಲ್ಲಿ ಸ್ಪ್ರಿಂಗ್ ಪಿಸ್ಟನ್ನನ್ನು ತಳ್ಳಿ ಗಾಳಿಯನ್ನು ಒತ್ತುತ್ತದೆ, ಇನ್ನೊಂದಾದ ಪಿಸಿಪಿಯಲ್ಲಿ ಒತ್ತಡದ ಗಾಳಿಯನ್ನು ಮೊದಲೇ ತುಂಬಿಸಿಟ್ಟಿರುತ್ತೇವೆ. ಎರಡೂ 4.5 ಮಿ.ಮೀ. ನಳಿಕೆಯವು, ಎರಡರ ಶಕ್ತಿಯೂ 20 ಜೂಲ್‌ಗಿಂತ ಕಡಿಮೆ. ಹಾಗಾಗಿ 2016ರ ಆಯುಧ ನಿಯಮಗಳಂತೆ ಪರವಾನಗಿಯ ಅಗತ್ಯವಿಲ್ಲ. ಸ್ಪ್ರಿಂಗಿನದಕ್ಕೆ ಸುಮಾರು ಹದಿನೈದು ಸಾವಿರ, ಪಿಸಿಪಿಗೆ ಕೈಪಂಪು ಸೇರಿ ಐವತ್ತು ಸಾವಿರದ ಹತ್ತಿರ ಖರ್ಚಾಯಿತು. ಇವೆರಡನ್ನು ಹೋಲಿಸುವುದೆಂದರೆ ಎತ್ತಿನ ಗಾಡಿಯನ್ನು ರೈಲಿನ ಪಕ್ಕ ಓಡಿಸಿದಂತೆ ಎಂದು ದಾವಣಗೆರೆಯ ಗೆಳೆಯರು ನಕ್ಕಿದ್ದರು.

ಹರಿಹರ ರಸ್ತೆಯ ಕಡೆ ಖಾಲಿ ಬಿದ್ದಿದ್ದ ಅಕ್ಕಿ ಗಿರಣಿಯ ಗೋದಾಮನ್ನು ಯಜಮಾನರು ಭಾನುವಾರಗಳಿಗೆ ಬಿಟ್ಟುಕೊಟ್ಟಿದ್ದರಿಂದ 25 ಮೀಟರ್ ದೂರ ಗಾಳಿಯ ಕಾಟವಿಲ್ಲದೆ ದೊರೆಯಿತು. ಗುರಿಯ ಹಾಳೆಯ ಹಿಂದೆ ಮರಳಿನ ಚೀಲಗಳನ್ನು ಒಟ್ಟಿದ್ದೆವು. ಎಲ್ಲರೂ ತಮ್ಮ ಅತ್ಯುತ್ತಮ ಗ್ರೂಪನ್ನಷ್ಟೇ (ಹಾಳೆಯ ಮೇಲೆ ಹೊಡೆತಗಳ ತೂತುಗಳ ಗುಂಪು, ಕಿರಿದಾದಷ್ಟೂ ಒಳ್ಳೆಯದು) ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ತೋರಿಸುತ್ತಾರೆ. ನಾನು ಹಾಗೆ ಮಾಡದೆ, ಹತ್ತು ಹೊಡೆತಕ್ಕೊಮ್ಮೆ ರೈಫಲ್ ಬದಲಿಸುತ್ತಾ, ಕೆಟ್ಟ ಹೊಡೆತವನ್ನೂ ಬಿಡದೆ ಎಣಿಸಿ, ಅಳತೆಯನ್ನು ಬೇರೆಯವರಿಂದ ಮಾಡಿಸಿದೆ.

ಹಣ ಹೋದದ್ದು ಸ್ಪ್ರಿಂಗ್ ರೈಫಲ್‌ನಲ್ಲಿ. ಅದರ ಪಿಸ್ಟನ್ ಮೊದಲು ಬಂದೂಕನ್ನು ಹಿಂದಕ್ಕೆ ಒದ್ದು, ತಾನು ತುದಿಗೆ ಬಡಿದಾಗ ಮುಂದಕ್ಕೆ ಎಳೆಯುತ್ತದೆ. ಈ ಎರಡು ಕಡೆಯ ಹೊಡೆತಕ್ಕೆ ಗುರಿ ನೋಡುವ ನಾಲ್ಕು ಸಾವಿರದ ಸ್ಕೋಪಿನ ಒಳಗಿನ ಗೆರೆ ಸಡಿಲಗೊಂಡು ತಿರುಗಿಹೋಯಿತು. ಏರ್ ರೈಫಲ್‌ಗೆಂದೇ ತಯಾರಾದ, ಹತ್ತಿರದ ದೂರಕ್ಕೆ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗೆರೆಯೂ ಗುರಿಯಿಂದ ಸರಿದಂತೆ ಕಾಣುವ ದೋಷ) ಹೊಂದಿಸಬಹುದಾದ ಸ್ಕೋಪಿಗೆ ಮತ್ತೆ ಅದರ ಇಮ್ಮಡಿ ತೆತ್ತೆ. ಅಷ್ಟಾದರೂ ಗ್ರೂಪ್ 40 ಮಿ.ಮೀ. ಮೀರುತ್ತಲೇ ಇತ್ತು. ಕೊನೆಗೆ ಕೆಲಸ ಮಾಡಿದ್ದು ಸಡಿಲ ಹಿಡಿತ: ಮುಂದಿನ ಕೈಯಿಂದ ಅಮುಕದೆ ಅಂಗೈ ಮೇಲೆ ಸುಮ್ಮನೆ ಕೂರಿಸಿ, ಪ್ರತಿ ಸಲವೂ ಅದೇ ಜಾಗದಲ್ಲಿ ಕೂರಿಸಬೇಕು. ಅಂಗೈಗೂ ರೈಫಲ್‌ನ ಮರಕ್ಕೂ ನಡುವೆ ನಾನು ಇಡುವ ವಸ್ತು ಯಾವುದೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ.

ಪಿಸಿಪಿಯಲ್ಲಿ ತೊಂದರೆ ಬೇರೆಯದು. ನನ್ನದಕ್ಕೆ ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವ ರೆಗ್ಯುಲೇಟರ್ ಇಲ್ಲ. 200 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿದರೆ ಆ ಒತ್ತಡವೇ ವಾಲ್ವ್ ಪೂರ್ತಿ ತೆರೆಯಲು ಬಿಡದೆ ಮೊದಲ ಪೆಲೆಟ್‌ಗಳು ನಿಧಾನವಾಗಿ ಹೋಗಿ ಗುರಿಗಿಂತ ಕೆಳಗೆ ಬೀಳುತ್ತವೆ. 180ರ ಸುಮಾರಿಗೆ ತುಂಬಿಸಿ 120ಕ್ಕೆ ನಿಲ್ಲಿಸಿದಾಗ ಇಪ್ಪತ್ತೈದು ಹೊಡೆತ ಸಮನಾಗಿ ಬಂದವು. ಏಪ್ರಿಲ್ ಬಿಸಿಲಿನಲ್ಲಿ ಆ ಪಂಪು ಹೊಡೆದವರಿಗೇ ಗೊತ್ತು ಅದರ ಬೆಲೆ.

ನಡುವೆ ಅಕ್ಕಸಾಲಿಗ ಮಿತ್ರರೊಬ್ಬರ ತಕ್ಕಡಿಯಲ್ಲಿ 0.547 ಗ್ರಾಂ ತೂಕದ ಪೆಲೆಟ್‌ಗಳನ್ನು ಒಂದೊಂದಾಗಿ ತೂಗಿ ಬೇರ್ಪಡಿಸಿದೆ. ಒಳ್ಳೆಯ ಡಬ್ಬಿಯಲ್ಲಿ ಅದರಿಂದ ಏನೂ ಲಾಭವಾಗಲಿಲ್ಲ. ಅಂಚು ನೆಗ್ಗಿದವನ್ನು ಕಣ್ಣಿನಿಂದ ಆರಿಸಿ ಎಸೆದದ್ದೇ ಹೆಚ್ಚು ಫಲ ಕೊಟ್ಟಿತು.

ಮೇಜಿನ ಮೇಲಿಟ್ಟು ಹೊಡೆದಾಗ ಪಿಸಿಪಿಯ ಗ್ರೂಪ್ ಸುಮಾರು 12 ಮಿ.ಮೀ., ಸ್ಪ್ರಿಂಗಿನದು 20ರ ಆಸುಪಾಸು. ಆದರೆ ನಿಂತು ಹೊಡೆದಾಗ ಎರಡರ ಗ್ರೂಪನ್ನೂ ನನ್ನ ತೋಳಿನ ನಡುಕವೇ ಹಿಗ್ಗಿಸಿ, ಯಾವ ಹಾಳೆ ಯಾವ ರೈಫಲ್‌ನದೆಂದು ನಕ್ಕವರೇ ಗುರುತಿಸಲಾರದೆ ಹೋದರು. ಅವರಲ್ಲೊಬ್ಬರು ಈಗ ಸ್ಪ್ರಿಂಗಿನದನ್ನೇ ಕೊಂಡಿದ್ದಾರೆ. ಪಿಸಿಪಿಯನ್ನು ನಾನು ಮಾರುವುದಿಲ್ಲ: ತಪ್ಪು ನಳಿಕೆಯದೋ ನನ್ನದೋ ಎಂಬ ಅನುಮಾನ ಬಂದ ದಿನ ಅದನ್ನು ಮೇಜಿನ ಮೇಲಿಟ್ಟು ಪೆಲೆಟ್ ಡಬ್ಬಿಯನ್ನು ಪರೀಕ್ಷಿಸಿಕೊಳ್ಳುತ್ತೇನೆ.