ಟೇಪಿನಲ್ಲಿ 9 ಮೀಟರ್, ಪೈಪಿನಲ್ಲಿ 24

ಕೆಳಗಿನ ಮನೆಯ ಬಾಡಿಗೆಯವರು ಖಾಲಿ ಮಾಡಿದ ಮೇಲೆ ಅಪ್ಪ ಅಲ್ಲಿಗೆ ಇಳಿದರು. ಮಂಡಿ ಆಪರೇಷನ್ ಆಗಿತ್ತು, ಮೆಟ್ಟಿಲು ಹತ್ತೋದು ಬೇಡ ಅಂದಿದ್ದರು ಡಾಕ್ಟರು. 2012ರಲ್ಲಿ ತಗೊಂಡ ಫುಲ್ ಎಚ್‌ಡಿ ಟಿವಿಯೂ ಅವರ ಜೊತೆ ಇಳಿಯಿತು. ಸೆಟ್‌ಟಾಪ್ ಬಾಕ್ಸ್ ಮಾತ್ರ ಮಹಡಿಯ ಹಾಲ್‌ನಲ್ಲೇ ಉಳಿಯಿತು. "ಇನ್ನೊಂದು ಕನೆಕ್ಷನ್ ಯಾಕೋ, ಒಂದು ವೈರ್ ಎಳೆದರೆ ಆಯ್ತಲ್ಲ" ಅಂದರು ಅಪ್ಪ. ನಾನೂ ಹಾಗೇ ಅಂದುಕೊಂಡೆ.

ಟೇಪ್ ಹಿಡಿದು ಅಳೆದೆ. ನೇರಕ್ಕೆ 9 ಮೀಟರ್. ಆದರೆ ವೈರ್ ನೇರಕ್ಕೆ ಹೋಗೋದಿಲ್ಲ ಅಲ್ವಾ? ಎಲೆಕ್ಟ್ರಿಷಿಯನ್ ಗೋಡೆಯ ಪೈಪಿನೊಳಗೆ ತಂತಿ ತೂರಿಸಿ, ವಾಪಸ್ ಎಳೆದು ನೆಲದ ಮೇಲೆ ಚಾಚಿದ. 24 ಮೀಟರ್! ಸೂರಿನವರೆಗೆ ಏರಿ, ಮೂಲೆ ಸುತ್ತಿ, ಮತ್ತೆ ಇಳಿಯೋ ದಾರಿ ಅದು.

ಅಷ್ಟರಲ್ಲಿ ನಾನು ಬಾಕ್ಸಿನಿಂದ ಟಿವಿಗೆ ಚಿತ್ರ, ಸದ್ದು ಒಯ್ಯುವ ಎಚ್‌ಡಿಎಂಐ ಕೇಬಲ್ ತಂದಾಗಿತ್ತು, 15 ಮೀಟರಿನದು. ಅದರ ತಲೆಯೇ ಮುಕ್ಕಾಲು ಇಂಚಿನ ಪೈಪಿಗೆ ತೂರಲಿಲ್ಲ. ಸುಮ್ನೆ ಪರೀಕ್ಷೆಗೆ ಅಂತ ಮೆಟ್ಟಿಲ ಕಂಬಿಯುದ್ದಕ್ಕೂ ಎಳೆದು ನೋಡಿದೆ. ಬಾಕ್ಸನ್ನು 1080ಐಗೆ, ಅಂದರೆ ಒಂದು ಸಲಕ್ಕೆ ಚಿತ್ರದ ಅರ್ಧ ಗೆರೆಗಳನ್ನಷ್ಟೇ ಕಳಿಸುವ ಬಗೆಗೆ ಇಟ್ಟರೆ ಚಿತ್ರ ಚೆನ್ನಾಗಿ ಬಂತು. ಪೂರ್ತಿ ಗೆರೆಗಳನ್ನು ಕಳಿಸುವ 1080ಪಿಗೆ ಏರಿಸಿದೆ, ಪರದೆ ತುಂಬಾ ಬಿಳಿ ಚುಕ್ಕೆಗಳು ಮಿಣುಕತೊಡಗಿದವು. ಕೇಬಲ್ ಕೊನೆಯನ್ನು ಸ್ವಲ್ಪ ಬಗ್ಗಿಸಿದರೆ ಚಿತ್ರವೇ ಮಾಯ. ಹಳೇ ಕೇಬಲ್ ಟಿವಿ ಕಾಲದಲ್ಲಿ ದೂರ ಜಾಸ್ತಿ ಆದಷ್ಟೂ ಚಿತ್ರ ಮೆಲ್ಲಗೆ ಮಂಕಾಗುತ್ತಿತ್ತು, ಒಂದು ಬೂಸ್ಟರ್ ಹಾಕಿದರೆ ನಡೆದುಹೋಗುತ್ತಿತ್ತು. ಡಿಜಿಟಲ್‌ನಲ್ಲಿ ಆ ಕರುಣೆ ಇಲ್ಲ. ಬಂದರೆ ಪೂರ್ತಿ, ತಪ್ಪಿದರೆ ಚುಕ್ಕೆ, ಆಮೇಲೆ ಕತ್ತಲೆ. 1080ಪಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಹರಿಯಬೇಕು, ಅದಕ್ಕಿಂತ ಸ್ಪಷ್ಟವಾದ, ಸೆಕೆಂಡಿಗೆ 60 ಫ್ರೇಮಿನ 4ಕೆಗೆ ಸುಮಾರು 18. ಹರಿವು ಹೆಚ್ಚಿದಷ್ಟೂ ತಾಮ್ರದ ಕೇಬಲ್ಲಿನ ಉದ್ದ ಕುಗ್ಗುತ್ತದೆ. 4ಕೆಗೆ 5 ಮೀಟರ್ ದಾಟಿದರೆ ನಾನಂತೂ ಮಾಮೂಲಿ ಕೇಬಲ್ ನಂಬೋದಿಲ್ಲ.

ಉಳಿದ ದಾರಿ ಕ್ಯಾಟ್‌6, ಕಂಪ್ಯೂಟರ್ ನೆಟ್‌ವರ್ಕಿಗೆ ಹಾಕೋ ವೈರ್. ಮೇಲೆ ಟ್ರಾನ್ಸ್‌ಮಿಟರ್, ಕೆಳಗೆ ರಿಸೀವರ್, ಈ ಜೋಡಿಗೆ ಎಕ್ಸ್‌ಟೆಂಡರ್ ಅನ್ನುತ್ತಾರೆ. ಇದಕ್ಕೆಂದೇ ಎಚ್‌ಡಿಬೇಸ್‌ಟಿ ಅನ್ನೋ ಪದ್ಧತಿ ಇದೆ. ನಾನು ತಂದ ಜೋಡಿಯ ಡಬ್ಬದ ಮೇಲೆ 1080ಪಿಗೆ 70 ಮೀಟರ್, 4ಕೆಗೆ 40 ಅಂತ ಬರೆದಿತ್ತು. ನಮ್ಮ 24 ಯಾವ ಲೆಕ್ಕ?

ಲೆಕ್ಕ ತಪ್ಪಿಸಿದ್ದು ವೈರ್. ಚಿತ್ರ ಬಂತು, ಎರಡು ನಿಮಿಷ ಇತ್ತು, ರಿಸೀವರಿನ ದೀಪ ಆರಿ ಮತ್ತೆ ಹತ್ತಿತು. ಹೀಗೇ ಇಡೀ ಸಂಜೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಸಾರ್, ಕ್ಯಾಟ್‌6 ಅಂದ್ರೆ ಕ್ಯಾಟ್‌6ಏ" ಅಂದರು. ಉಳಿದ ತುಂಡಿನ ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ! ನಮ್ಮ ರಿಸೀವರಿಗೆ ಬೇರೆ ಅಡಾಪ್ಟರ್ ಇಲ್ಲ, ಕರೆಂಟೂ ಅದೇ ವೈರಿನಲ್ಲಿ ಬರಬೇಕು. ಅಲ್ಯೂಮಿನಿಯಂ ತಾಮ್ರಕ್ಕಿಂತ ಜಾಸ್ತಿ ತಡೆ ಒಡ್ಡುತ್ತದೆ. ವೋಲ್ಟೇಜ್ ದಾರಿಯಲ್ಲೇ ಇಳಿದು, ಲೋಡ್ ಬಿದ್ದಾಗ ರಿಸೀವರ್ ಸುಸ್ತಾಗಿ ಮಲಗುತ್ತಿತ್ತು. ಪೂರ್ತಿ ತಾಮ್ರದ ವೈರ್ ತಂದು, ಎರಡೂ ತುದಿಗೆ ಒಂದೇ ಬಣ್ಣದ ಸಾಲಿನಲ್ಲಿ ಕನೆಕ್ಟರ್ ಒತ್ತಿ, ಹೆಣೆದ ಎಳೆಗಳನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚದೆ ಹಾಕಿದೆ. ಅವತ್ತಿನಿಂದ ದೀಪ ಆರಿಲ್ಲ.

ನಡುವೆ ಇನ್ನೊಂದು ಪೆದ್ದುತನವನ್ನೂ ಮಾಡಿದ್ದೆ. ದೀಪ ಆರುವುದು ರಿಸೀವರಿನದೇ ತಪ್ಪು ಅಂದುಕೊಂಡು, ಭಾವನ ಆಫೀಸಿನಲ್ಲಿ ಬಿದ್ದಿದ್ದ ಬೇರೆ ಕಂಪನಿಯ ರಿಸೀವರ್ ತಂದು ಸಿಕ್ಕಿಸಿದೆ. ಅದೇ ತೂತು, ಅದೇ ವೈರ್. ಚಿತ್ರವೇ ಇಲ್ಲ. ಅದು ಚಿತ್ರವನ್ನು ಕುಗ್ಗಿಸಿ ನೆಟ್‌ವರ್ಕ್ ಪ್ಯಾಕೆಟ್ ಮಾಡಿ ಕಳಿಸುವ ಜಾತಿಯದು. ಆ ಜಾತಿ ಮನೆಯ ನೆಟ್‌ವರ್ಕ್ ಸ್ವಿಚ್ ಮೂಲಕವೂ ಹೋಗುತ್ತದೆ. ನನ್ನದಕ್ಕೆ ಸ್ವಿಚ್ ಆಗದು, ತುದಿಯಿಂದ ತುದಿಗೆ ಒಂದೇ ವೈರ್ ಬೇಕು. ತೂತು ಒಂದೇ ಥರ ಇದ್ದ ಮಾತ್ರಕ್ಕೆ ಭಾಷೆ ಒಂದೇ ಅಲ್ಲ. ಜೋಡಿಯಾಗಿ ಬಂದದ್ದನ್ನು ಜೋಡಿಯಾಗಿಯೇ ಬಳಸಿ.

ಕೆಳಗೆ ಸರಿಹೋಯಿತು ಅನ್ನುವಷ್ಟರಲ್ಲಿ ಮೇಲೆ ಕೆಟ್ಟಿತು. ಒಂದೇ ಚಿತ್ರವನ್ನು ಎರಡು ಟಿವಿಗೆ ಹಂಚುವ ಸ್ಪ್ಲಿಟರನ್ನು ಬಾಕ್ಸಿಗೆ ಹಾಕಿದ ಕೂಡಲೇ ಹಾಲ್‌ನ 4ಕೆ ಟಿವಿ 1080ಪಿಗೆ ಇಳಿಯಿತು. ಪ್ರತಿ ಟಿವಿಯೂ "ನನಗೆ ಇಷ್ಟು ಗೊತ್ತು" ಅಂತ ಬಾಕ್ಸಿಗೆ ಹೇಳಿಕೊಳ್ಳುತ್ತದೆ, ಅದಕ್ಕೆ ಇಡಿಐಡಿ ಅನ್ನುತ್ತಾರೆ. ಎರಡು ಟಿವಿ ಇದ್ದಾಗ ನಮ್ಮ ಸ್ಪ್ಲಿಟರ್ ಕಡಿಮೆ ಗೊತ್ತಿರುವುದರ ಮಾತು ಕೇಳಿತು. ಜೊತೆಗೆ ಆ್ಯಪ್‌ಗಳ 4ಕೆಗೆ ನಕಲು ತಡೆಯುವ ಎಚ್‌ಡಿಸಿಪಿ 2.2 ಎಂಬ ಬೀಗ ದಾರಿಯುದ್ದಕ್ಕೂ ಹೊಂದಬೇಕು. ಅಪ್ಪನ 2012ರ ಟಿವಿ ಆ ಬೀಗ ಬರುವ ಮೊದಲಿನದು. ಹೊಸ ಸ್ಪ್ಲಿಟರಿಗೆ ದುಡ್ಡು ಸುರಿಯೋ ಬದಲು ಬಾಕ್ಸನ್ನು 1080ಪಿಗೇ ಬಿಟ್ಟೆ. ಹಾಲ್ ಟಿವಿ ಸ್ಮಾರ್ಟ್, ಆ್ಯಪ್‌ಗಳು ಅದರಲ್ಲೇ ಓಡುತ್ತವೆ. ಚಾನೆಲ್‌ಗಳಿಗೆ 4ಕೆ ಯಾರಿಗೆ ಬೇಕು!

ಕೊನೆಗೆ ರಿಮೋಟ್. ಎಕ್ಸ್‌ಟೆಂಡರ್ ಜೊತೆ ಬಂದ ಪುಟ್ಟ ಐಆರ್ ಕಣ್ಣನ್ನು (ರಿಮೋಟಿನ ಕಾಣದ ಬೆಳಕನ್ನು ಹಿಡಿಯುವುದು) ಕೆಳಗಿನ ಟಿವಿಗೆ ಅಂಟಿಸಿದೆ, ಅದರ ಜೋಡಿಯನ್ನು ಮೇಲಿನ ಬಾಕ್ಸಿನ ಮುಂದೆ. ಅಪ್ಪ ಕೆಳಗೆ ಒತ್ತಿದರೆ ಮೇಲೆ ಚಾನೆಲ್ ತಿರುಗುತ್ತದೆ. ನಿಮ್ಮದು ಬರೀ ಬ್ಲೂಟೂತ್ ರಿಮೋಟ್ ಆದರೆ ಇದು ನಡೆಯೋದಿಲ್ಲ, ನೋಡಿ ತಗೊಳ್ಳಿ.

ಒಂದು ಬಾಕ್ಸ್ ಅಂದರೆ ಎರಡೂ ಕಡೆ ಒಂದೇ ಚಾನೆಲ್ ಅನ್ನೋದು ಮೊದಲ ಸಂಜೆಯೇ ಮನೆಮಂದಿಗೆಲ್ಲ ಗೊತ್ತಾಯಿತು. ಮೇಲೆ ಅಮ್ಮನ ಸೀರಿಯಲ್ ಮದುವೆ ಮಂಟಪಕ್ಕೆ ಬಂದಿತ್ತು, ಅಪ್ಪ ಕೆಳಗಿನಿಂದ ಕ್ರಿಕೆಟ್‌ಗೆ ತಿರುಗಿಸಿದರು. ಅಮ್ಮನ ಕೂಗು ಕೆಳಗಿನವರೆಗೂ ಕೇಳಿಸಿತು, ಅದಕ್ಕೆ ಯಾವ ಎಕ್ಸ್‌ಟೆಂಡರೂ ಬೇಕಾಗಲಿಲ್ಲ. ಈಗ ದಿನಾ ಏಳರಿಂದ ಎಂಟೂವರೆ ತನಕ ಆ ಐಆರ್ ಕಣ್ಣಿನ ವೈರ್ ಕಿತ್ತಿಡೋದು ನನ್ನ ಕೆಲಸ.