ಮೂರು ಬೀಗದ ಪೆಟ್ಟಿಗೆ, ನನ್ನ ಖಾಲಿ ನಡಾವಳಿ ಪುಸ್ತಕ

ಚಳ್ಳಕೆರೆ ಸೀಮೆಯಲ್ಲಿ ಹನ್ನೊಂದು ವರ್ಷ ಸ್ತ್ರೀಶಕ್ತಿ ಸಂಘಗಳ ಜೊತೆ ಓಡಾಡಿದವಳು ನಾನು. ನಡಾವಳಿ ಪುಸ್ತಕ, ನಗದು ಪುಸ್ತಕ, ಬ್ಯಾಂಕ್ ಲಿಂಕೇಜ್ (ಸಂಘಕ್ಕೆ ಬ್ಯಾಂಕ್ ಸಾಲ ಸಿಗುವ ಏರ್ಪಾಡು) ಇಲ್ಲದಿದ್ದರೆ ಅದನ್ನು ಸಂಘ ಅಂತಲೇ ಎಣಿಸುತ್ತಿರಲಿಲ್ಲ. 2022ರಲ್ಲಿ ಒಂದು ಸಂಸ್ಥೆಯ ಕೆಲಸಕ್ಕೆ ಆಫ್ರಿಕಾದ ಮಲಾವಿಗೆ ಹೊರಟಾಗ, ಅಲ್ಲಿನವರಿಗೆ ಮಾದರಿಯಾಗಿರಲಿ ಎಂದು ಮೂರು ಹೊಸ ನಡಾವಳಿ ಪುಸ್ತಕ ಸೂಟ್‌ಕೇಸಿಗೆ ಹಾಕಿಕೊಂಡೆ. ವಾಪಸ್ ಬರುವಾಗಲೂ ಅವು ಖಾಲಿಯೇ ಇದ್ದವು.

ಸ್ವಸಹಾಯ ಸಂಘ ನಮ್ಮ ಕಡೆಯಿಂದಲೇ ಆಫ್ರಿಕಾಕ್ಕೆ ಹೋದದ್ದು ಅನ್ನುವ ಜಂಬವೂ ನನಗಿತ್ತು. ಅದು ಪೂರ್ತಿ ಸುಳ್ಳಲ್ಲ. ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಮೈರಾಡ ಬೆಳೆಸಿದ ಮಾದರಿ 2002ರಲ್ಲಿ ಇಥಿಯೋಪಿಯಾ ತಲುಪಿತ್ತು. ಆದರೆ ಮಲಾವಿಯ ಸಂಘಗಳ ಬೇರು ಬೇರೆ ಕಡೆ ಇದೆ. 1991ರಲ್ಲಿ ನೈಜರ್ ದೇಶದ ಮರಾಡಿ ಸೀಮೆಯ ಹೆಂಗಸರ ಜೊತೆ ಕೇರ್ ಎಂಬ ಅಂತಾರಾಷ್ಟ್ರೀಯ ನೆರವು ಸಂಸ್ಥೆ ಶುರುಮಾಡಿದ ಉಳಿತಾಯ ಗುಂಪಿನ ಪದ್ಧತಿ ಅದು. ಅದಕ್ಕೆ ಬ್ಯಾಂಕೂ ಬೇಡ, ಹೊರಗಿನ ದುಡ್ಡೂ ಬೇಡ. ಮಲಾವಿಯಲ್ಲಿ ಇಂಥ ಗುಂಪಿಗೆ ‘ಬ್ಯಾಂಕಿ ಮ್‌ಖೊಂಡೆ’ ಅನ್ನುತ್ತಾರೆ. ಖೊಂಡೆ ಅಂದರೆ ಜಗಲಿ. ಜಗಲಿ ಬ್ಯಾಂಕು!

ನನ್ನ ಪಾಲಿಗೆ ಬಂದದ್ದು ಜಾಂಬಿಯಾ ಗಡಿಗೆ ಅಂಟಿಕೊಂಡ ಮ್‌ಚಿಂಜಿ ಜಿಲ್ಲೆ. ಮೆಕ್ಕೆಜೋಳ, ತಂಬಾಕು, ಶೇಂಗಾ ಬೆಳೆಯುವ ನಾಡು. ಶೇಂಗಾ ಹೊಲ ಕಂಡಾಗ ಅರ್ಧ ಊರಿಗೇ ಬಂದಂತಾಯಿತು. ಹೆಂಗಸರು ನನ್ನನ್ನು ‘ಅಮಾಯಿ’ ಅಂತ ಕರೆಯುತ್ತಿದ್ದರು. ತಾಯಿ ಅನ್ನುವ ಗೌರವದ ಮಾತು. ಬೆನ್ನ ಹಿಂದೆ ಮಾತ್ರ ‘ಅಮ್ವೆನ್ಯೆ’, ಅಂದರೆ ಭಾರತದವರು. ಅಲ್ಲಿ ಭಾರತದವರೆಂದರೆ ಅಂಗಡಿ ಸಾಹುಕಾರರು. ಇವಳೂ ಏನೋ ಮಾರಲು ಬಂದಿದ್ದಾಳೆ ಎಂದು ಮೊದಲ ತಿಂಗಳು ಅನುಮಾನಪಟ್ಟರು.

ಸಭೆ ವಾರಕ್ಕೊಮ್ಮೆ, ಮಾವಿನ ಮರದಡಿ. ಇಪ್ಪತ್ತೆರಡು ಮಂದಿ. ನಡುವೆ ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಬೀಗದ ಕೈಗಳು ಮೂರು ಮನೆಯಲ್ಲಿ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಒಬ್ಬಳು ಬರದಿದ್ದರೂ ಪೆಟ್ಟಿಗೆ ತೆರೆಯದು. ಪಾಲು ಒಂದಕ್ಕೆ ಅಲ್ಲಿನ ದುಡ್ಡಿನಲ್ಲಿ 500 ಕ್ವಾಚಾ, ಆಗಿನ ಲೆಕ್ಕದಲ್ಲಿ ನಮ್ಮ 40 ರೂಪಾಯಿ ಆಸುಪಾಸು. ವಾರಕ್ಕೆ ಒಂದರಿಂದ ಐದು ಪಾಲಿನವರೆಗೆ ಕೊಳ್ಳಬಹುದು. ಕೊಂಡಷ್ಟು ಪಾಲಿಗೆ ಪಾಸ್‌ಬುಕ್ಕಿನಲ್ಲಿ ಅಷ್ಟು ಮುದ್ರೆ ಒತ್ತುತ್ತಾರೆ. ಓದು ಬಾರದಿದ್ದರೂ ಮುದ್ರೆ ಎಣಿಸಲು ಬರುತ್ತದಲ್ಲ.

‘ಉಳಿದ ಹಣ ಎಷ್ಟು ಅಂತ ಬರೆದಿಡಿ’ ಎಂದು ನಾನು ಪುಸ್ತಕ ತೆಗೆದೆ. ಅಧ್ಯಕ್ಷೆ ನಕ್ಕು, ಎದುರಿಗಿದ್ದ ಮುದುಕಿಯ ಕಡೆ ಕೈ ತೋರಿಸಿದಳು. ಆಕೆ ಹಿಂದಿನ ವಾರ ಪೆಟ್ಟಿಗೆ ಮುಚ್ಚಿದಾಗ ಸಾಲದ ನಿಧಿಯಲ್ಲಿ ಎಷ್ಟಿತ್ತೆಂದು ಹೇಳಿದಳು. ಪಕ್ಕದವಳು ಕಷ್ಟನಿಧಿಯಲ್ಲಿ ಎಷ್ಟೆಂದು ಹೇಳಿದಳು. ಪೆಟ್ಟಿಗೆ ತೆರೆದು ಎಣಿಸಿದರು. ಒಂದು ಕ್ವಾಚಾ ವ್ಯತ್ಯಾಸವಿಲ್ಲ. ನಮ್ಮೂರಲ್ಲಿ ಪ್ರತಿನಿಧಿಯೊಬ್ಬಳು ಬರೆದದ್ದನ್ನು ಉಳಿದ ಹತ್ತೊಂಬತ್ತು ಮಂದಿ ನೋಡದೆಯೇ ಹೆಬ್ಬೆಟ್ಟು ಒತ್ತಿದ್ದು ಎಷ್ಟು ಸಲವೋ, ಆಗ ನೆನಪಾಯಿತು.

ಪೆಟ್ಟಿಗೆಯಿಂದ ಸದಸ್ಯರು ಎತ್ತುವ ಸಾಲಕ್ಕೆ ಬಡ್ಡಿ ತಿಂಗಳಿಗೆ ನೂರಕ್ಕೆ ಹತ್ತು. ಕೇಳಿ ಬೆಚ್ಚಿಬಿದ್ದೆ. ಆದರೆ ಆ ಊರ ಕಟಪಿಲಾ, ಅಂದರೆ ನಮ್ಮ ಮೀಟರ್ ಬಡ್ಡಿಯವರು, ಸಾವಿರ ಕೊಟ್ಟರೆ ತಿಂಗಳೊಳಗೆ ಎರಡು ಸಾವಿರ ಕೇಳುತ್ತಿದ್ದರು. ಪೆಟ್ಟಿಗೆಯ ಬಡ್ಡಿ ಕೊನೆಗೆ ಅವರವರ ಪಾಲಿಗೇ ಸೇರುತ್ತದೆ. ಇದರಲ್ಲೂ ಒಂದು ತೊಡಕಿದೆ: ಐದು ಪಾಲು ಕೊಳ್ಳುವವಳಿಗೆ ಲಾಭ ಐದು ಪಟ್ಟು, ಸಾಲ ಎತ್ತಿ ಬಡ್ಡಿ ಕಟ್ಟುವವಳು ಹೆಚ್ಚಾಗಿ ಒಂದು ಪಾಲಿನವಳು. ಇದನ್ನು ಎತ್ತಿ ಹೇಳಿದೆ. ‘ಗೊತ್ತು’ ಅಂದರು, ಅಷ್ಟೇ.

ನನ್ನ ನಿಜವಾದ ಜಗಳ ಹಂಚಿಕೆಯ ಮೇಲೆ. ವರ್ಷಕ್ಕೊಮ್ಮೆ ಸಾಲವೆಲ್ಲ ವಸೂಲು ಮಾಡಿ, ಪೆಟ್ಟಿಗೆಯನ್ನು ಬರಿದು ಮಾಡಿ, ಪಾಲಿನ ಪ್ರಕಾರ ಹಂಚಿಬಿಡುತ್ತಾರೆ. ನಮ್ಮಲ್ಲಿ ಗಂಟು ಬೆಳೆಯಬೇಕು; ಬೆಳೆದಷ್ಟೂ ಬ್ಯಾಂಕ್ ಸಾಲ ದೊಡ್ಡದು. ಹಂಚಬೇಡಿ, ಬೆಳೆಸಿ ಎಂದು ಮೂರು ಸಭೆಯಲ್ಲಿ ಗೋಗರೆದೆ. ಅವರು ಹಂಚಿದರು. 500ರ ಪಾಲು 700 ದಾಟಿತ್ತು. ಅದು ನವೆಂಬರ್, ಮಳೆ ಬೀಳುವ ಹೊತ್ತು. ಗೊಬ್ಬರದ ಚೀಲ, ಹೈಬ್ರಿಡ್ ಬೀಜ, ಮಕ್ಕಳ ಫೀಸು, ಒಬ್ಬಳಿಗೆ ತಗಡಿನ ಸೂರು. ತನ್ನ ದುಡ್ಡು ತನ್ನ ಕೈಗೆ ಬಂದದ್ದನ್ನು ಪ್ರತಿಯೊಬ್ಬಳೂ ಕಣ್ಣಾರೆ ನೋಡಿದಳು. ಮುಂದಿನ ವಾರವೇ ಹೊಸ ಸುತ್ತು ಶುರು. ಹಿಂದಿನ ಸುತ್ತಿನಲ್ಲಿ ಕಾಟ ಕೊಟ್ಟ ಇಬ್ಬರನ್ನು ಸದ್ದಿಲ್ಲದೆ ಕೈಬಿಟ್ಟಿದ್ದರು.

ಕಷ್ಟ ಜನವರಿಗೆ. ಕಣಜ ಬರಿದು, ಹೊಸ ಮೆಕ್ಕೆಜೋಳಕ್ಕೆ ಏಪ್ರಿಲ್ ಬರಬೇಕು. ಊರೆಲ್ಲ ಗನ್ಯು, ಅಂದರೆ ದಿನಗೂಲಿ, ಹುಡುಕುವ ಕಾಲ. ಸಾಲ ಬೇಕಾದಾಗಲೇ ಪೆಟ್ಟಿಗೆಯಲ್ಲಿ ದುಡ್ಡಿಲ್ಲ. ಇಲ್ಲಿ ಮಾತ್ರ ನನ್ನ ಮಾತು ಸ್ವಲ್ಪ ನಡೆಯಿತು: ಸುಗ್ಗಿಯಲ್ಲಿ ಮೆಕ್ಕೆಜೋಳ ಅಗ್ಗವಾದಾಗ ನಿಧಿಯ ಒಂದು ಭಾಗದಿಂದ ಚೀಲಗಟ್ಟಲೆ ಕೊಂಡಿಟ್ಟು, ಜನವರಿಯಲ್ಲಿ ಸದಸ್ಯರಿಗೇ ಮಾರುವುದು. ಮೊದಲ ವರ್ಷ ನುಸಿ ಹಿಡಿದು ನಾಲ್ಕು ಚೀಲ ಹಾಳಾಯಿತು. ಗಾಳಿಯಾಡದ ಒಳಚೀಲ ಹಾಕೋಣವೆಂದು ಒಬ್ಬಳು ಮೊದಲೇ ಹೇಳಿದ್ದಳು. ಖರ್ಚು ಜಾಸ್ತಿ ಎಂದು ತಡೆದವಳು ನಾನೇ.

2023ರ ನವೆಂಬರಿನಲ್ಲಿ, ಎರಡನೆಯ ಹಂಚಿಕೆಗೆ ಇನ್ನೂ ಹತ್ತು ದಿನ ಇರುವಾಗ, ಸರ್ಕಾರ ಕ್ವಾಚಾ ಬೆಲೆ ಇಳಿಸಿತು. ಡಾಲರಿಗೆ ಸುಮಾರು 1,180 ಇದ್ದದ್ದು 1,700 ಆಯಿತು. ಗೊಬ್ಬರ ಬರುವುದು ಹೊರದೇಶದಿಂದ. ಅಂಗಡಿಯವನು ಹಳೆಯ ದರದ ಹಲಗೆ ಒರೆಸಿಬಿಟ್ಟ. ವರ್ಷವಿಡೀ ಮುದ್ರೆ ಒತ್ತಿಸಿಕೊಂಡ ಹೆಂಗಸರು ಎರಡು ಚೀಲದ ದುಡ್ಡಿನಲ್ಲಿ ಒಂದು ಚೀಲ, ಮೇಲೆ ಚಿಲ್ಲರೆ ಹಿಡಿದು ಬಂದರು. ಹಂಚದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಇನ್ನೂ ಕರಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಮುಂದಿನ ಸುತ್ತಿಗೆ ಅವರೇ ನಿಯಮ ತಿದ್ದಿದರು: ದುಡ್ಡು ಕೂಡಿದ ಹಾಗೆ ಮೇಕೆ ಕೊಳ್ಳುವುದು, ಕೊನೆಗೆ ಮಾರಿ ಹಂಚುವುದು.

ಊರಿಗೆ ಮರಳಿದ ಮೇಲೆ ನಮ್ಮ ಹಳೆಯ ಸಂಘವೊಂದರಲ್ಲಿ ಇದನ್ನೆಲ್ಲ ಹೇಳಿದೆ. ಮೂರು ಬೀಗದ ವಿಷಯಕ್ಕೆ ನಗು, ಮೇಕೆ ಹಂಚಿಕೆಗೆ ಇನ್ನೂ ನಗು. ನಗು ನಿಂತ ಮೇಲೆ ಹಿಂದೆ ಕೂತಿದ್ದ ಗಂಗಮ್ಮಜ್ಜಿ ಕೇಳಿದಳು: ‘ಅಲ್ಲ ಮೇಡಂ, ನಮ್ದೂ ಹದಿನೆಂಟು ವರ್ಷದಿಂದ ಕಟ್ತಾನೇ ಇದೀವಿ. ನನ್ ಪಾಲಿಗೆ ಎಷ್ಟೈತೆ?’

ಪ್ರತಿನಿಧಿ ಪುಸ್ತಕ ತರಲು ಎದ್ದಳು. ಪುಸ್ತಕ ಆಡಿಟ್‌ಗೆ ಹೋಗಿತ್ತು.